ಗಂಟಿನ ಮೇಲಿನ ಕೈ

ನಾನು ಒಂದು ಹುರಿ. ಹಗ್ಗ ಅಂತ ಕರೆಯಬೇಡಿ. ಹಗ್ಗ ಅಂದರೆ ನನ್ನ ಜೊತೆಗಿದ್ದ ಬಿಳಿ ದಪ್ಪಣ್ಣ. ನಲವತ್ತೈದು ಮೀಟರ್ ಉದ್ದ, ಹೆಬ್ಬೆರಳಿನ ಗಾತ್ರ. ಮರ ಹತ್ತುವವರು ಹೊಗಳುವುದೆಲ್ಲ ಅವನನ್ನೇ. ನಾನು ಬರೀ ಒಂದೂವರೆ ಮೀಟರ್. ಕಿರುಬೆರಳಿಗಿಂತ ಸಣ್ಣ. ಬಣ್ಣ ಕಿತ್ತಳೆ. ಆದರೆ ಮರದ ತುದಿಯಲ್ಲಿ ಮನುಷ್ಯ ತೂಗಾಡುವಾಗ ಅವನನ್ನು ಹಿಡಿದು ನಿಲ್ಲಿಸುವುದು ದಪ್ಪಣ್ಣನ ಸುತ್ತ ಗಂಟಾಗಿ ಕೂತ ನಾನು. ಈ ಮಾತನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನೇ ಹೇಳಿಕೊಳ್ಳುತ್ತಿದ್ದೇನೆ.

ನಾನು ಹುಟ್ಟಿದ್ದು ಒಂದು ಗದ್ದಲದ ಕಾರ್ಖಾನೆಯಲ್ಲಿ. ಜಡೆ ಕೋಲಾಟ ನೋಡಿದ್ದೀರಲ್ಲ? ನಡುವೆ ಒಂದು ಕಂಬ, ಅದರಿಂದ ಬಣ್ಣದ ಹಗ್ಗಗಳು, ಒಬ್ಬೊಬ್ಬರೂ ಒಂದೊಂದು ತುದಿ ಹಿಡಿದು ಒಳಗೆ ಹೊರಗೆ ಸುತ್ತುತ್ತಾ ಜಡೆ ಹೆಣೆಯುವುದು. ನನ್ನನ್ನು ಹೆಣೆದದ್ದೂ ಹಾಗೆಯೇ. ಕುಣಿದದ್ದು ಮಾತ್ರ ಹದಿನಾರು ಕಬ್ಬಿಣದ ಉರುಳೆಗಳು. ಹಾಡು ಇರಲಿಲ್ಲ, ಟಕ ಟಕ ಟಕ ಅಷ್ಟೇ. ಹೊರಗೆ ಕಿತ್ತಳೆ ಅಂಗಿ ತೊಡಿಸಿದರು, ಒಳಗೆ ಬೆಂಕಿಗೂ ಬೇಗ ಕರಗದ ಗಟ್ಟಿ ನೂಲಿನ ತಿರುಳಿಟ್ಟರು. ಆಮೇಲೆ ದೊಡ್ಡ ಉರುಳೆಗೆ ಸುತ್ತಿ ಬೆಂಗಳೂರಿನ ಒಂದು ಅಂಗಡಿಗೆ ಕಳಿಸಿದರು. ಅಲ್ಲಿ ಆರು ತಿಂಗಳು ಸುಮ್ಮನೆ ಕೂತೆ. ಒಬ್ಬಳು ಹುಡುಗಿ ಬಂದು, "ಇದ್ರಲ್ಲಿ ಕೈಗೆ ಬ್ರೇಸ್‌ಲೆಟ್ ಮಾಡ್ಬೋದಾ?" ಅಂತ ಕೇಳಿದಳು. ಇನ್ನೊಬ್ಬ ಮಹಾಶಯ ನನ್ನನ್ನು ನಾಯಿಗೆ ಕಟ್ಟಲು ಕೊಳ್ಳುವವನಿದ್ದ. ಬೆಲೆ ಕೇಳಿ ನಾಯಿಯನ್ನೇ ಬೈದುಕೊಂಡು ಹೋದ.

ಕೊನೆಗೆ ನನ್ನನ್ನು ಕೊಂಡವರು ಚಂಗಪ್ಪ ಮೇಷ್ಟ್ರು. ಕೊಡಗಿನವರು. ಸೇನೆಯಲ್ಲಿದ್ದಾಗ ಜವಾನರಿಗೆ ಹಿಮದ ಬೆಟ್ಟ ಹತ್ತುವುದನ್ನು ಕಲಿಸಿದವರು, ನಿವೃತ್ತಿಯಾದ ಮೇಲೆ ಮೈಸೂರಿನಲ್ಲಿ ಮರ ಕಡಿಯುವವರಿಗೆ ಹಗ್ಗದ ಪಾಠ ಹೇಳುತ್ತಿದ್ದರು. ಬಿಸಿ ಚಾಕುವಿನಿಂದ ನನ್ನನ್ನು ಅಳತೆಗೆ ಕತ್ತರಿಸಿ, ಎರಡು ತುದಿಗಳನ್ನೂ ಸುಟ್ಟು ಮುಚ್ಚಿದರು. ನನ್ನ ಹೊಕ್ಕುಳು ಬಿದ್ದದ್ದು ಅವತ್ತು ಅಂತ ಇಟ್ಟುಕೊಳ್ಳಿ.

ನನ್ನ ಕೆಲಸ ಏನು ಅಂತ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮರದ ಗಟ್ಟಿ ಕೊಂಬೆಯ ಮೇಲಿಂದ ದಪ್ಪಣ್ಣನನ್ನು ಇಳಿಬಿಡುತ್ತಾರೆ. ಜಡೆಗೆ ಹೂ ಸುತ್ತಿದ ಹಾಗೆ ನನ್ನನ್ನು ಅವನ ಮೈಗೆ ಐದಾರು ಸುತ್ತು ಸುತ್ತಿ, ನನ್ನ ಎರಡು ತುದಿಗಳನ್ನು ಹತ್ತುವವರ ಸೊಂಟದ ಪಟ್ಟಿಗೆ ಕೊಂಡಿ ಹಾಕಿ ಸಿಗಿಸುತ್ತಾರೆ. ಕೆಳಗಿನಿಂದ ಭಾರ ಬಿದ್ದರೆ ನಾನು ದಪ್ಪಣ್ಣನನ್ನು ಕಚ್ಚಿಕೊಳ್ಳುತ್ತೇನೆ. ಆನೆ ಎಳೆದರೂ ಬಿಡುವುದಿಲ್ಲ. ಆದರೆ ಮೇಲಿನಿಂದ ಅಂಗೈ ಇಟ್ಟು ಅದುಮಿದರೆ ಸಡಿಲಾಗಿ ಜಾರುತ್ತೇನೆ. ಮರದಿಂದ ಇಳಿಯುವುದು ಹಾಗೆಯೇ, ಮೆಲ್ಲಗೆ ಅದುಮಿಕೊಂಡು. ಅಂದರೆ ಆಯ ತಪ್ಪಿ ಬೀಳುವಾಗ ಮಾಡಬೇಕಾದ್ದು ಒಂದೇ ಕೆಲಸ: ಏನನ್ನೂ ಹಿಡಿಯದೆ ಸುಮ್ಮನಿರುವುದು. ಹೆದರಿ ಗಂಟನ್ನೇ ಬಾಚಿ ಹಿಡಿದರೆ ಮುಗಿಯಿತು. ಹಿಡಿದಷ್ಟೂ ಜಾರುತ್ತೇನೆ. ಅದು ನನ್ನ ತಪ್ಪಲ್ಲ, ನನ್ನ ಹುಟ್ಟುಗುಣ.

ರಿಂಗ್ ರೋಡಿನ ಪಕ್ಕ ಒಂದು ನರ್ಸರಿ. ಅದರ ಹಿಂದೆ ಒಂದು ದೊಡ್ಡ ಮಳೆಮರ. ಅದೇ ನಮ್ಮ ಪಾಠಶಾಲೆ. ಊರಿನ ರಸ್ತೆಮರಗಳ ಕೊಂಬೆ ಸವರುವ ಗುತ್ತಿಗೆ ಹಿಡಿದಿದ್ದ ಮುದ್ದುರಾಜಪ್ಪ ಎಂಬವರು ತಮ್ಮ ಆಳುಗಳನ್ನು ಅಲ್ಲಿಗೆ ಕಳಿಸಿದ್ದರು. ಹೊಸ ಕಾನೂನು ಬಂದಿತ್ತು: ಹಗ್ಗದ ಪಾಠ ಮುಗಿಸಿ ಕಾರ್ಡು ತಂದವರು ಮಾತ್ರ ಮರ ಹತ್ತಬೇಕು, ಉಳಿದವರು ಕೆಳಗೆ ಸೊಪ್ಪು ಎಳೆಯಬೇಕು.

ಎಂಟು ಜನ ಗಂಡಸರು ಬಂದರು. ಅವರಲ್ಲಿ ಹಿರಿಯ ಮಂಟಯ್ಯ. ನಂಜನಗೂಡಿನ ಕಡೆಯವನು, ಐವತ್ತೆರಡು ವರ್ಷ. ಮೂವತ್ತೈದು ವರ್ಷ ತೆಂಗು, ಹುಣಸೆ ಹತ್ತಿದ ಕಾಲು, ಲಾರಿ ಟೈರಿನ ತುಂಡಿನಂಥ ಅಂಗೈ. ಸುತ್ತ ಹತ್ತು ಹಳ್ಳಿಗೆ ಅವನು 'ಮರದ ಮಂಟಯ್ಯ'. ಯಾರದೇ ಮನೆಯ ಮೇಲೆ ಕೊಂಬೆ ವಾಲಿದರೂ ಮೊದಲು ಅವನನ್ನೇ ಕರೆಯುತ್ತಿದ್ದರು. ಮರ ಹತ್ತುವ ಮುನ್ನ ಅವನದೊಂದು ಪದ್ಧತಿ ಇತ್ತು. ಚಪ್ಪಲಿಯನ್ನು ಬುಡದಲ್ಲಿ ಮರಕ್ಕೆ ಬೆನ್ನು ಮಾಡಿ ಬಿಡುವುದು. ಮನೆಯ ದಾರಿ ನೋಡಿಕೊಂಡು ಕಾಯುವ ಚಪ್ಪಲಿ ಯಜಮಾನನನ್ನು ಇಳಿಸಿಕೊಳ್ಳದೆ ಹೋಗುವುದಿಲ್ಲವಂತೆ. ಆಮೇಲೆ ಬುಡ ಮುಟ್ಟಿ ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ಕನಪ್ಪ, ಮೈ ಮ್ಯಾಲೆ ಕಾಲಿಡ್ತೀನಿ" ಅನ್ನುತ್ತಿದ್ದ.

ಒಂಬತ್ತನೆಯವಳು ಅವನ ಮಗಳು ನೀಲಿ. ಮೊದಲು ಊದುಬತ್ತಿ ಹೊಸೆಯುತ್ತಿದ್ದಳು, ಈಗ ಅಪ್ಪನ ಜೊತೆ ಬಂದು ಕಡಿದ ಸೊಪ್ಪು ಎಳೆಯುತ್ತಿದ್ದಳು. ಒಂದು ಜಾಗ ಖಾಲಿ ಉಳಿದಿತ್ತು ಅಂತ ಮುದ್ದುರಾಜಪ್ಪ, "ನೀನೂ ಕುಂತ್ಕೊಳವ್ವ, ತಲೆ ಲೆಕ್ಕ ಸರಿ ಹೋಯ್ತದೆ" ಅಂದಿದ್ದರು. ಅಷ್ಟೇ. ಯಾರೂ ಅವಳನ್ನು ಹತ್ತುವವಳು ಅಂತ ನೋಡಿರಲಿಲ್ಲ, ಅವಳೂ ನೋಡಿಕೊಂಡಿರಲಿಲ್ಲ.

ಮೊದಲ ಪಾಠ ಪರೀಕ್ಷೆಯದು. ಚಂಗಪ್ಪ ನನ್ನನ್ನು ಎತ್ತಿ ತೋರಿಸಿ, "ದಿನಾ ಬೆಳಗ್ಗೆ ನಾಲ್ಕು ಕೆಲಸ. ನೋಡು, ಮುಟ್ಟು, ಎಳಿ, ಕೂತು ನೋಡು. ಕಣ್ಣಿಗೆ ಸುಟ್ಟ ಗುರುತು ಕಾಣ್ತದಾ? ಕೈಗೆ ಗಟ್ಟಿ ಹತ್ತುತದಾ? ಎಳೆದ್ರೆ ಕಚ್ಚುತದಾ? ಆಮೇಲೆ ನೆಲದ ಹತ್ರಾನೇ ಭಾರ ಬಿಟ್ಟು ಕೂತು ನೋಡು. ನಾಲ್ಕೂ ಆದ್ಮೇಲೆ ಪುಸ್ತಕದಲ್ಲಿ ಸಹಿ. ಸಹಿ ಹಾಕಿದವರದೇ ಜವಾಬ್ದಾರಿ, ತಿಳೀತಾ?" ಅಂದರು.

"ನಮ್ಮೂರಲ್ಲಿ ಹೆಣ್ ನೋಡಕ್ಕೂ ಇಷ್ಟ್ ಪರೀಕ್ಸೆ ಇಲ್ಲ ಸಾ" ಅಂದ ಮಂಟಯ್ಯ. ಎಲ್ಲರೂ ನಕ್ಕರು. ಚಂಗಪ್ಪ ನಗಲಿಲ್ಲ.

ಮೂರನೆಯ ದಿನ ಬೀಳುವ ಪಾಠ. ಕೆಳಗೆ ಮರಳು ರಾಶಿ. ಎರಡಾಳು ಎತ್ತರದಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಚಂಗಪ್ಪ ಇನ್ನೊಂದು ಹಗ್ಗದಿಂದ ಅವರನ್ನು ಎತ್ತಿ ಹಿಡಿದು, ಹೇಳದೆ ಕೇಳದೆ ಬಿಟ್ಟುಬಿಡುತ್ತಿದ್ದರು. ಒಂದು ತೋಳಿನಷ್ಟು ಬೀಳಬೇಕು, ಎರಡೂ ಕೈ ತಲೆಯ ಮೇಲಿಟ್ಟುಕೊಳ್ಳಬೇಕು, ನಾನು ಕಚ್ಚಿ ನಿಲ್ಲಿಸಬೇಕು. ಮೊದಮೊದಲು ಎಲ್ಲರೂ ನನ್ನನ್ನು ಬಾಚಿ ಹಿಡಿದು ಮರಳಿಗೆ ಬಿದ್ದರು. ಮಧ್ಯಾಹ್ನದ ಹೊತ್ತಿಗೆ ಏಳು ಜನ ಕಲಿತರು. ಮಂಟಯ್ಯ ಕಲಿಯಲಿಲ್ಲ.

ಬಿಟ್ಟ ಕೂಡಲೇ ಅವನ ಕೈಗಳು ಹಾವು ಹೆಡೆ ಎತ್ತಿದ ಹಾಗೆ ಮೇಲೆದ್ದು ನನ್ನ ಮೇಲೆ ಬೀಳುತ್ತಿದ್ದವು. ಸರ್ರನೆ ಮರಳಿಗೆ.

"ಅಯ್ಯೋ ಮಂಟಣ್ಣ, ಇಳಿಯಾಕೆ ಅಷ್ಟ್ ಅವಸ್ರವಾ? ಬಸ್ಸು ಎಂಟೂವರೆಗಲ್ವಾ!" ಅಂತ ಯಾರೋ ಕೂಗಿದರು.

"ಇನ್ನೊಂದ್ ಸಲ ಸಾ" ಅಂದ ಮಂಟಯ್ಯ, ಮರಳು ಕೊಡವಿಕೊಂಡು.

ಹನ್ನೊಂದು ಸಲ ಆಯಿತು. ಚಂಗಪ್ಪ ಅವನನ್ನು ಪಕ್ಕಕ್ಕೆ ಕರೆದು, "ಯಾಕೆ ಮಂಟಯ್ಯ? ನಿನಗಿಂತ ಚೆನ್ನಾಗಿ ಹತ್ತುವವ ಇಲ್ಲಿ ಯಾರೂ ಇಲ್ಲ. ಬರೀ ಕೈ ಬಿಡೋಕೆ ಏನು ಕಷ್ಟ?" ಅಂದರು.

"ನಮ್ಮಪ್ಪ ನಂಗೆ ಹೇಳ್ಕೊಟ್ಟಿದ್ದು ಒಂದೇ ಮಾತು ಸಾ. ಪ್ರಾಣ ಹೋದ್ರೂ ಹಿಡ್ದುದ್ದ ಬುಡಬ್ಯಾಡ ಅಂತ. ಬುಟ್ಟೋರು ಯಾರೂ ಉಳ್ದಿಲ್ಲ. ನಮ್ ಚಿಕ್ಕಪ್ಪ ಬುಟ್ಟ, ಹೋದ. ಈಗ ನೀವು ಬುಡು ಅಂತೀರಿ. ತಲೆಗ್ ಗೊತ್ತಾಯ್ತದೆ ಸಾ, ಕೈಗ್ ಗೊತ್ತಾಗಕ್ಕಿಲ್ಲ."

ಚಂಗಪ್ಪ ಮರುದಿನ ಒಂದು ಉಪಾಯ ತಂದರು: ಎರಡು ಕೋಳಿಮೊಟ್ಟೆ. ಮಂಟಯ್ಯನ ಒಂದೊಂದು ಕೈಗೆ ಒಂದೊಂದು ಕೊಟ್ಟು, "ಇವು ಒಡೀಬಾರದು, ಅಷ್ಟೇ ಮನಸ್ಸಲ್ಲಿಟ್ಕೊ" ಅಂದರು. ಮಂಟಯ್ಯ ದೇವರ ತೀರ್ಥ ಹಿಡಿದ ಹಾಗೆ ಮೊಟ್ಟೆ ಹಿಡಿದು ಕಣ್ಣು ಮುಚ್ಚಿದ. ಚಂಗಪ್ಪ ಬಿಟ್ಟರು. ಮರುಕ್ಷಣ ಎರಡೂ ಮೊಟ್ಟೆ ನನ್ನ ಮೈಮೇಲೆ ಪಚಕ್ಕೆಂದು ಒಡೆದವು. ಹಳದಿ ಸುರಿಯುತ್ತ ಮಂಟಯ್ಯ ಮರಳಿನಲ್ಲಿ ಕೂತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಆದರೆ ನಾನು ಅವನ ಮುಷ್ಟಿಯೊಳಗಿದ್ದೆ. ನಗುವಾಗಲೂ ಆ ಬೆರಳುಗಳು ಒಂದಿಷ್ಟೂ ಸಡಿಲಾಗಿರಲಿಲ್ಲ, ಅದು ನನಗೊಬ್ಬನಿಗೇ ಗೊತ್ತು. ಎರಡು ದಿನ ನನ್ನ ಮೈ ಹಸಿಮೊಟ್ಟೆ ನಾತ ಹೊಡೆಯಿತು.

ನೀಲಿಯ ಸರದಿ ಕೊನೆಗೆ ಬಂತು. ಅವಳು ಹುಟ್ಟಿದಾಗಿನಿಂದ ಮರ ಹತ್ತಿದವಳಲ್ಲ, ಹಿಡಿಯುವ ಚಾಳಿ ಅವಳ ಕೈಗೆ ಹತ್ತಿರಲಿಲ್ಲ. ಚಂಗಪ್ಪ ಬಿಟ್ಟರು. ಅವಳು, "ಯವ್ವಾ!" ಅಂದಳು, ಎರಡೂ ಕೈ ತಲೆಯ ಮೇಲೆ ಹೋದವು. ನಾನು ಕಚ್ಚಿದೆ. ಗಾಳಿಯಲ್ಲಿ ಜೋಕಾಲಿಯ ಹಾಗೆ ತಿರುಗುತ್ತ, ಕಚ್ಚಿಕೊಂಡ ನಾಲಿಗೆ ಹೊರಗೆ ಹಾಕಿ ನಕ್ಕಳು.

"ಶಾಬಾಶ್!" ಅಂದರು ಚಂಗಪ್ಪ.

ನಾನು ಅವಳ ಮುಖದಿಂದ ಒಂದು ಗೇಣು ದೂರದಲ್ಲಿದ್ದೆ. ಅವಳು ನನ್ನನ್ನು ನೋಡಿ ಮೆಲ್ಲಗೆ, "ಹಿಡ್ಕಂಡ್ಬುಟ್ಟೆ ಕನಾ ನನ್ನಾ" ಅಂದಳು. ನನ್ನ ಬದುಕಿನಲ್ಲಿ ಯಾರಾದರೂ ನನಗೇ ಅಂತ ಆಡಿದ ಮೊದಲ ಮಾತು ಅದು. ಕೆಳಗೆ ಮಂಟಯ್ಯ ಕೈ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ.

ಹತ್ತು ದಿನದ ಪಾಠ ಮುಗಿಯಿತು. ಎಂಟು ಕಾರ್ಡು. ಮಂಟಯ್ಯನಿಗೆ ಇಲ್ಲ. ಅವನು ಚಂಗಪ್ಪನ ಮುಂದೆ ನಿಂತು, "ಒಂದ್ ಸಯ್ನು ಸಾ. ನಾ ಬೀಳಕ್ಕಿಲ್ಲ. ಮೂವತ್ತೈದು ವರ್ಷ ಬಿದ್ದಿಲ್ಲ, ಇನ್ನು ಬೀಳ್ತೀನಾ?" ಅಂತ ಕೇಳಿದ.

"ಬೀಳದವರಿಗೆ ನನ್ನ ಪಾಠವೇ ಬೇಡ ಮಂಟಯ್ಯ. ನಾನು ಕಲಿಸೋದೇ ಬೀಳೋದನ್ನ. ಬಿದ್ದಾಗ ಗಂಟು ಹಿಡಿಯೋನಿಗೆ ನಾನು ಸಹಿ ಹಾಕೋದಿಲ್ಲ" ಅಂದರು ಅವರು.

ನನ್ನನ್ನು ನೀಲಿಯ ಕೈಗೆ ಕೊಟ್ಟರು. "ಇದು ಇನ್ಮೇಲೆ ನಿಂದು. ಹುರಿ ಹಲ್ಲುಜ್ಜೋ ಬ್ರಷ್ ಇದ್ದ ಹಾಗೆ, ಬೇರೆಯವರಿಗೆ ಕೊಡಬಾರದು. ಅಪ್ಪ ಕೇಳಿದ್ರೂ."

ಆಮೇಲಿನ ಎಂಟು ತಿಂಗಳು ನನ್ನ ಒಳ್ಳೆಯ ಕಾಲ. ನೀಲಿ ದಿನಾ ಬೆಳಗ್ಗೆ ನೋಡುತ್ತಿದ್ದಳು, ಮುಟ್ಟುತ್ತಿದ್ದಳು, ಎಳೆಯುತ್ತಿದ್ದಳು, ಕೂತು ನೋಡುತ್ತಿದ್ದಳು, ಪುಸ್ತಕದಲ್ಲಿ ದುಂಡಗೆ ಸಹಿ ಹಾಕುತ್ತಿದ್ದಳು. ಮೊದಲೆಲ್ಲ ಅವಳು ಸಹಿ ಹಾಕುವಂಥ ಕೆಲಸ ಯಾವುದೂ ಇರಲಿಲ್ಲವಂತೆ. ಗುಲ್‌ಮೊಹರ್, ಹೊಂಗೆ, ಮಳೆಮರ, ಬಾಗೆ, ಎಲ್ಲ ಹತ್ತಿದೆವು. ಅವಳ ಬೆವರು ಹಣೆಯಿಂದ ಜಾರಿ ನನ್ನ ಮೇಲೇ ಬೀಳುತ್ತಿತ್ತು. ಹೊಸ ಕೊಂಬೆಗೆ ಹೋದಾಗಲೆಲ್ಲ ಸೊಂಟದ ಎರಡನೇ ಹಗ್ಗವನ್ನು ಮರಕ್ಕೆ ಹಾಕದೆ ಗರಗಸ ಮುಟ್ಟುತ್ತಿರಲಿಲ್ಲ. ಪಾಠದಲ್ಲಿ ಹೇಳಿದ್ದರು, ಹಾಗಾಗಿ ಮಾಡುತ್ತಿದ್ದಳು. ಕಲಿತದ್ದನ್ನು ಕಲಿತ ಹಾಗೇ ಮಾಡುವವರು ಕಡಿಮೆ ಅಂತ ಈಗ ಗೊತ್ತಾಗಿದೆ ನನಗೆ.

ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ಜನ ಮೊಬೈಲು ಎತ್ತುತ್ತಿದ್ದರು. "ಅಕ್ಕಾ, ಇತ್ಲಾಗ್ ನೋಡಿ!" ಅವಳು ನೋಡುತ್ತಿರಲಿಲ್ಲ, ಆದರೆ ಕೆನ್ನೆ ಕೆಂಪಾಗುತ್ತಿತ್ತು.

ಕೆಳಗೆ ಹಗ್ಗದ ತುದಿ ಹಿಡಿದು ನಿಲ್ಲುತ್ತಿದ್ದವನು ಮಂಟಯ್ಯ. ಕೊಂಬೆ ಇಳಿಸುವುದು, ಸೊಪ್ಪು ಎಳೆಯುವುದು, ಲಾರಿಗೆ ತುಂಬುವುದು ಅವನ ಪಾಲಿಗೆ ಬಂದಿತ್ತು. ಮೇಲಕ್ಕೆ ನೋಡಿ ನೋಡಿ ಅವನ ಕತ್ತು ನೋಯುತ್ತಿತ್ತು. "ಆ ಕೊಂಬೆ ಬ್ಯಾಡ ಕನವ್ವ, ಈ ಕಡೀದು ಕಡಿ. ಕಾಲ್ ಅಡ್ಡ ಇಡು. ಅಯ್, ಹಂಗಲ್ಲ!" ಅಂತ ಇಡೀ ದಿನ ಕೂಗುತ್ತಿದ್ದ. ಹತ್ತರಲ್ಲಿ ಎಂಟು ಮಾತು ಸರಿಯಾಗಿಯೇ ಇರುತ್ತಿತ್ತು. ಮರದ ಮನಸ್ಸು ಅವನಿಗೆ ಗೊತ್ತಿತ್ತು. ನೀಲಿ ಆ ಎಂಟನ್ನು ಕೇಳುತ್ತಿದ್ದಳು, ಎರಡನ್ನು ಬಿಡುತ್ತಿದ್ದಳು. ಮನೆಗೆ ಹೋಗುವಾಗ ಅವನು ಲೆಕ್ಕ ಇಡುತ್ತಿದ್ದದ್ದು ಮಾತ್ರ ಆ ಎರಡನ್ನು.

ಒಂದು ದಿನ ಟೀ ಅಂಗಡಿಯ ಮುಂದೆ ಅವನ ಊರಿನವನೊಬ್ಬ ಸಿಕ್ಕಿದ. ಮರದ ಮೇಲೆ ನೀಲಿ, ಕೆಳಗೆ ಹಗ್ಗ ಹಿಡಿದ ಮಂಟಯ್ಯ. ಆ ಮನುಷ್ಯ ಗ್ಲಾಸು ಎತ್ತಿ, "ಏನ್ ಮಂಟಣ್ಣ, ಕೋತಿ ಆಡ್ಸಕ್ ಸುರು ಮಾಡ್ದಾ? ಬುಡುಬುಡ್ಕೆ ಎಲ್ಲಪ್ಪಾ?" ಅಂದ.

ಮಂಟಯ್ಯ ನಕ್ಕ. ಮೊಟ್ಟೆ ಒಡೆದ ದಿನ ನಕ್ಕಂಥ ನಗು.

"ನಿನ್ ಬಾಯಲ್ಲೇ ಐತಲ್ಲ" ಅಂದ. ಆದರೆ ಅವತ್ತು ಸಂಜೆಯವರೆಗೂ ಮೇಲಕ್ಕೆ ಒಂದು ಮಾತೂ ಕೂಗಲಿಲ್ಲ. ನೀಲಿಗೆ ಅದೇ ಹೆಚ್ಚು ಹೆದರಿಕೆಯಾಯಿತು. ಇಳಿಯುವಾಗ, "ಅಪ್ಪಾ, ಯಾಕ್ ಸುಮ್ಕಾದೆ?" ಅಂತ ಎರಡು ಸಲ ಕೇಳಿದಳು.

"ಕೋತಿ ಆಡ್ಸೋನ್ ಮಾತಾಡಕ್ಕಿಲ್ಲ, ಡೋಲ್ ಬಡಿತಾನೆ" ಅಂದ ಅವನು.

ಅದಾಗಿ ಒಂದು ವಾರಕ್ಕೆ ಒಂದು ಹುಣಸೆಮರದ ಕೆಲಸ ಬಂತು. ಹಳೆಯ ಮರ, ರಸ್ತೆಯ ತಿರುವಿನಲ್ಲಿ, ವಿದ್ಯುತ್ ತಂತಿಯ ಮೇಲೆ ವಾಲಿತ್ತು. ನೀಲಿ ದಪ್ಪಣ್ಣನನ್ನು ಕೊಂಬೆಗೆ ಹಾಯಿಸಿ, ನನ್ನನ್ನು ಸುತ್ತಿ, ನಾಲ್ಕೂ ಪರೀಕ್ಷೆ ಮಾಡಿದಳು. ನಾನು ಚೆನ್ನಾಗಿದ್ದೆ. ಸಹಿ ಹಾಕಿದಳು. ನನ್ನ ಕೊಂಡಿ ಕಳಚದೆ ಸೊಂಟದ ಪಟ್ಟಿ ಬಿಚ್ಚಿ ಬುಡದಲ್ಲಿಟ್ಟು, ತಂತಿಯಲ್ಲಿ ಕರೆಂಟು ತೆಗೆದಿದ್ದಾರಾ ಅಂತ ಖಾತ್ರಿ ಮಾಡಿಕೊಳ್ಳಲು ಲೈನ್‌ಮನ್ ಹತ್ತಿರ ಹೋದಳು. ರಸ್ತೆಯ ಆ ತುದಿಗೆ, ಹದಿನೈದು ನಿಮಿಷ.

ಮಂಟಯ್ಯ ಮರವನ್ನು ನೋಡಿದ. ಹುಣಸೆ. ಅವನು ಎಷ್ಟು ಹುಣಸೆ ಹತ್ತಿರಬಹುದು! ಆ ಕಡೆ ಈ ಕಡೆ ನೋಡಿ, ಪಟ್ಟಿಯನ್ನು ಎತ್ತಿ ಸೊಂಟಕ್ಕೆ ಬಿಗಿದುಕೊಂಡ. ಚಪ್ಪಲಿ ಬಿಟ್ಟ, ಮರಕ್ಕೆ ಬೆನ್ನು ಮಾಡಿ. ಬುಡ ಮುಟ್ಟಿ ಕಣ್ಣಿಗೊತ್ತಿಕೊಂಡ.

ನಿಜ ಹೇಳುತ್ತೇನೆ, ಅಂಥ ಹತ್ತುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನೀಲಿ ಹತ್ತುವುದು ಕಲಿತವಳು ಹತ್ತುವ ಹಾಗೆ. ಇವನು ಮನೆಯ ಅಟ್ಟಕ್ಕೆ ಹೋದ ಹಾಗೆ ಹೋದ. ಬರಿಗಾಲಿನ ಬೆರಳುಗಳು ತೊಗಟೆಯ ಬಿರುಕುಗಳನ್ನು ತಾವೇ ಹುಡುಕಿಕೊಳ್ಳುತ್ತಿದ್ದವು. ನನ್ನ ಮೇಲೆ ಭಾರವೇ ಬೀಳಲಿಲ್ಲ. ಸುಮ್ಮನೆ ಪಕ್ಕದಲ್ಲಿ ಸರಿಯುತ್ತ ಹೋದೆ, ಮದುವೆಗೆ ಬಂದ ನೆಂಟನ ಹಾಗೆ. ಉಸಿರು ಕೂಡ ಏರಲಿಲ್ಲ ಅವನಿಗೆ. ಮೇಲೆ ಕವಲಿನಲ್ಲಿ ನಿಂತು ಒಂದು ಚಿಗುರು ಕಿತ್ತು ಬಾಯಿಗೆ ಹಾಕಿಕೊಂಡ. ಎಂಟು ತಿಂಗಳಲ್ಲಿ ಆ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ.

"ನೀಲೀ! ನೋಡವ್ವಾ!"

ಅವಳು ಓಡಿ ಬಂದಳು. "ಅಪ್ಪಾ, ಇಳಿ! ನಿಂಗ್ ಕಾರ್ಡಿಲ್ಲ!"

"ಮರ ಕಾರ್ಡ್ ಕೇಳ್ನಿಲ್ಲ ಕನವ್ವ!"

"ಆಯ್ತು, ಸೊಂಟದ್ ಹಗ್ಗನಾರಾ ಹಾಕು! ಎರಡನೇದು!"

"ನಾಯ್ ಕಟ್ಟಾಕ್ದಂಗಾಯ್ತದೆ" ಅಂದು ನಗುತ್ತ, ಗರಗಸ ತೆಗೆದು ತಂತಿಯ ಕಡೆಯ ಕೊಂಬೆಗೆ ಇಟ್ಟ. ಕಡಿದದ್ದೂ ಚೆನ್ನಾಗಿಯೇ ಕಡಿದ. ಆದರೆ ಕೊಂಬೆ ಮುರಿದು ಬೀಳುವಾಗ ಅದರ ಬುಡ ಹಿಂದಕ್ಕೆ ಚಿಮ್ಮಿ ಅವನ ಮೊಣಕಾಲಿಗೆ ಬಡಿಯಿತು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಮಂಟಯ್ಯನ ಕಾಲು ಮರ ಬಿಟ್ಟಿತು.

ಅವನು ಬಿದ್ದ. ಭಾರ ನನಗೆ ಬಂತು. ನಾನು ಕಚ್ಚಲು ಶುರುಮಾಡಿದೆ. ಇನ್ನು ನಾಲ್ಕು ಬೆರಳು, ಅಷ್ಟೇ ಬೇಕಿತ್ತು ನನಗೆ. ಅಷ್ಟರಲ್ಲಿ ಎರಡೂ ಕೈ ಬಂದವು.

"ಬುಡಪ್ಪಾ! ಕೈ ಬುಡು! ಬುಡೂ!" ಅಂತ ಕೆಳಗೆ ನೀಲಿ ಕಿರಿಚುತ್ತಿದ್ದಳು.

ಅವನು ಹಿಡಿದ. ಜೀವಮಾನದ ಬಲವನ್ನೆಲ್ಲ ಹಾಕಿ ಹಿಡಿದ. ನಾನು ಜಾರಿದೆ. ಇಪ್ಪತ್ತೈದು ಅಡಿ. ನನ್ನ ಅಂಗಿ ಸುಡುವ ವಾಸನೆ, ಅವನ ಅಂಗೈ ಸುಡುವ ವಾಸನೆ, ಎರಡೂ ಬೆರೆತವು. ನೆಲಕ್ಕೆ ಬಿದ್ದ ಮೇಲೂ ಅವನು ಬಿಡಲಿಲ್ಲ. ನೀಲಿ ಒಂದೊಂದೇ ಬೆರಳನ್ನು ನನ್ನಿಂದ ಬಿಡಿಸಿದಳು, ಮಗುವಿನ ಮುಷ್ಟಿ ಬಿಡಿಸಿದ ಹಾಗೆ. ಚಪ್ಪಲಿ ಮನೆಯ ದಾರಿ ನೋಡಿಕೊಂಡು ಅಲ್ಲೇ ಕಾಯುತ್ತಿತ್ತು.

ಸೊಂಟದ ಮೂಳೆ ಮುರಿದಿತ್ತು. ಜೀವ ಉಳಿಯಿತು. ಇನ್ನು ಮರ ಹತ್ತುವ ಮಾತಿರಲಿ, ಸರಾಗವಾಗಿ ನಡೆಯುವುದೂ ಕಷ್ಟ ಅಂದರು ಡಾಕ್ಟರು.

ಐದನೆಯ ದಿನ ಆಸ್ಪತ್ರೆಗೆ ಮುದ್ದುರಾಜಪ್ಪ, ಚಂಗಪ್ಪ ಇಬ್ಬರೂ ಬಂದರು. ನಾನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಚಂಗಪ್ಪನ ಕೈಯಲ್ಲಿದ್ದೆ. ಮುದ್ದುರಾಜಪ್ಪ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ನೋಡು ಮಂಟಯ್ಯ, ಆಸ್ಪತ್ರೆ ಖರ್ಚು ಹೆಂಗಿದ್ರೂ ನಾನೇ ನೋಡ್ಕತೀನಿ, ಅದ್ರ ಯೋಚ್ನೆ ಬ್ಯಾಡ. ಆದ್ರೆ ಮ್ಯಾಲಿನವ್ರಿಗೆ ವರದಿ ಬರೀಬೇಕು. ಎರಡೇ ಮಾತು. ನೀನೇ ಹೇಳ್ದೆ ಕೇಳ್ದೆ ಹತ್ತಿ, ಗಂಟು ಹಿಡ್ಕಂಡು ಬಿದ್ದಿದ್ರೆ, ಅದು ನಿನ್ ತಪ್ಪು, ಅಲ್ಲಿಗ್ ಮುಗೀತು. ಹುರಿನೇ ಜಾರಿದ್ರೆ, ಬೆಳಗ್ಗೆ ಪರೀಕ್ಸೆ ಮಾಡಿ ಸಹಿ ಹಾಕ್ದೋರ ತಪ್ಪು. ಅವ್ರ ಕಾರ್ಡ್ ಹೋಯ್ತದೆ. ಏನಾಯ್ತು, ನೀನೇ ಹೇಳು."

ಮಂಟಯ್ಯನ ಎರಡೂ ಕೈಗೆ ಬ್ಯಾಂಡೇಜು. ಅವನು ಚಾವಣಿ ನೋಡುತ್ತಿದ್ದ. ಕಾಲ ಬಳಿ ನೀಲಿ ನಿಂತಿದ್ದಳು, ಕೈಯಲ್ಲಿ ಗಂಜಿಯ ಪಾತ್ರೆ.

"ಹುರಿ ಜಾರ್ತು ಸಾ" ಅಂದ ಮಂಟಯ್ಯ.

ಚಂಗಪ್ಪ ನನ್ನನ್ನು ಚೀಲದಿಂದ ತೆಗೆದು ಬೆರಳುಗಳಲ್ಲಿ ತಿರುಗಿಸಿದರು. ದಪ್ಪಣ್ಣನಿಗೆ ತಾಗಿದ್ದ ನನ್ನ ಒಳಮೈ ಜಾರಿದ ಕಾವಿಗೆ ಹೊಳಪು ಬಂದು ಗಟ್ಟಿಯಾಗಿತ್ತು. ಮೇಲಿನ ಸುತ್ತುಗಳ ಹೊರಮೈಯಲ್ಲಿ ಒಣಗಿದ ರಕ್ತ, ಚರ್ಮದ ಚೂರು. ಅಂಗೈ ಅದುಮಿದ ಜಾಗ. ಬೇರೆ ಯಾವ ರೀತಿಯಲ್ಲೂ ಆಗದ ಗುರುತು. ಅವರಿಗೆ ಅಕ್ಷರ ಓದಿದ ಹಾಗೆ ಓದಲು ಬರುತ್ತಿತ್ತು.

"ಮಂಟಯ್ಯ, ಹುರಿ ತಾನಾಗೇ ಜಾರಿದ್ರೆ ಮೇಲುಗಡೆ ರಕ್ತ ಯಾಕೆ ಇರ್ತದೆ?"

"ಹಗ್ಗ ಹಿಡಿಯಕ್ ಹೋದೆ ಸಾ. ಹುರಿ ಜಾರ್ತಲ್ಲ, ಅದ್ಕೇ."

"ಗಂಟು ಹಿಡಿದಿಲ್ಲ?"

"ಇಲ್ಲ." ಈಗ ಅವನು ಚಂಗಪ್ಪನ ಮುಖ ನೋಡಿದ. "ಮೂವತ್ತೈದು ವರ್ಷ ಹತ್ತಿದೀನಿ ಸಾ. ಮಂಟಯ್ಯನ್ ಕೈ ತಪ್ತು ಅಂತ ಊರಲ್ಲಿ ಅನ್ನುಸ್ಬ್ಯಾಡಿ. ನಂಗಿನ್ನೇನ್ ಉಳ್ದದೆ?"

ಚಂಗಪ್ಪ ನೀಲಿಯ ಕಡೆ ತಿರುಗಿದರು. "ನೀನು ಹೇಳು. ನೀನು ಕೆಳಗಿದ್ದೆ, ಕಣ್ಣಾರೆ ನೋಡಿದ್ದಿ. ನಿನ್ನ ಮಾತನ್ನ ನಾನು ಬರೀತೇನೆ."

ನೀಲಿ ಅಪ್ಪನನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ, ಮತ್ತೆ ಚಾವಣಿಗೆ ಹೋಗಿದ್ದ. ಒಂದು ಮಾತು, ಒಂದೇ ಒಂದು ಮಾತು ಅವನು ಆಡಿದ್ದರೆ ಸಾಕಿತ್ತು. ಅವಳು ಕಾದಳು. ನಾನೂ ಕಾದೆ. ನನ್ನ ಮೈತುಂಬ ಸಾಕ್ಷಿ ಇತ್ತು, ಬಾಯಿ ಮಾತ್ರ ಇರಲಿಲ್ಲ.

"ಬೆಳಗ್ಗೆ ನಾ ಸರ್ಯಾಗಿ ನೋಡಿರ್ನಿಲ್ಲ ಸಾ" ಅಂದಳು ನೀಲಿ. "ಹುರಿ ಹಳೇದಾಗಿತ್ತು."

ಚಂಗಪ್ಪ ಅವಳ ಮಾತನ್ನು ಬರೆದುಕೊಂಡರು. ಆಮೇಲೆ ಕೈ ಚಾಚಿದರು. ಅವಳು ಕತ್ತಿನಲ್ಲಿ ತೂಗುತ್ತಿದ್ದ ಕಾರ್ಡು ತೆಗೆದು ಕೊಟ್ಟಳು. ಒಂದು ಕ್ಷಣವೂ ಬಿಗಿ ಹಿಡಿಯಲಿಲ್ಲ. ಅವರು ಕಲಿಸಿದ ಪಾಠ, ಚೆನ್ನಾಗಿಯೇ ಕಲಿತಿದ್ದಳು.

ನಮ್ಮ ಕಸುಬಿನಲ್ಲಿ ಕೆಟ್ಟ ಹುರಿಯನ್ನು ಇಡುವ ಹಾಗಿಲ್ಲ, ತುಂಡು ತುಂಡು ಮಾಡಿ ಎಸೆಯಬೇಕು, ಗೊತ್ತಿಲ್ಲದವರು ಎತ್ತಿಕೊಂಡು ಮರಕ್ಕೆ ಹಾಕಬಾರದು ಅಂತ. ಚಂಗಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಚಾಕು ತೆಗೆದರು. ನೀಲಿ ಹಿಂದೆಯೇ ಬಂದಳು.

"ನಂಗೇ ಕೊಡಿ ಸಾ. ಮರಕ್ ಹಾಕಕ್ಕಿಲ್ಲ."

ಅವರು ನನ್ನ ಒಂದು ತುದಿಯಿಂದ ಎರಡು ಗೇಣು ಕತ್ತರಿಸಿದರು. ಇನ್ನು ಯಾವ ಹಗ್ಗಕ್ಕೂ ನನ್ನ ಸುತ್ತು ಸಾಲದು. ಉಳಿದದ್ದನ್ನು ಅವಳ ಕೈಗಿಟ್ಟು, "ನಾನು ಬರೆದದ್ದು ಸುಳ್ಳು ಅಂತ ನನಗೆ ಗೊತ್ತು, ನಿನಗೂ ಗೊತ್ತು" ಅಂದರು.

"ಅಪ್ಪಂಗೂ ಗೊತ್ತು ಸಾ" ಅಂದಳು ಅವಳು.

ಇದಾಗಿ ಎರಡು ವರ್ಷ. ಈಗ ನಾನು ಮಂಟಯ್ಯನ ಮಂಚದ ಕಾಲ್ದೆಸೆಯ ಕಬ್ಬಿಣಕ್ಕೆ ಕಟ್ಟಿಕೊಂಡು ಬಿದ್ದಿದ್ದೇನೆ. ಬೆಳಗಾದರೆ ಅವನು ಎರಡೂ ಕೈಯಲ್ಲಿ ನನ್ನನ್ನು ಹಿಡಿದು, ಹಲ್ಲು ಕಚ್ಚಿ, ಎಳೆದುಕೊಂಡು ಎದ್ದು ಕೂರುತ್ತಾನೆ. ಈಗ ಕಟ್ಟಿರುವುದು ಸಾಮಾನ್ಯ ಗಂಟು. ಎಷ್ಟು ಹಿಡಿದರೂ ಜಾರುವುದಿಲ್ಲ. ಅವನಿಗೆ ಬೇಕಾದಂಥ ಹುರಿ ಕೊನೆಗೂ ಆಗಿದ್ದೇನೆ.

ನೋಡಲು ಬಂದವರಿಗೆಲ್ಲ ಕಥೆ ಹೇಳುತ್ತಾನೆ. ಮೊದಲ ವರ್ಷ ನಾನು 'ಹಳೇ ಹುರಿ' ಆಗಿದ್ದೆ. ಆಮೇಲೆ 'ಕೊಳ್ತೋದ ಹುರಿ' ಆದೆ. ಮೊನ್ನೆ ಬಂದವರಿಗೆ, "ಇಲಿ ಕಡ್ದುತ್ತು ಕನಪ್ಪ, ಯಾರೂ ನೋಡೇ ಇರ್ನಿಲ್ಲ" ಅಂದ. ಹಾಗನ್ನುವಾಗಲೂ ನನ್ನನ್ನೇ ಹಿಡಿದುಕೊಂಡಿದ್ದ. ಬಾಗಿಲಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದ ನೀಲಿಯ ಕೈ ಒಂದು ಗಳಿಗೆ ನಿಂತಿತು, ಮತ್ತೆ ಹೊಸೆಯಿತು. ಮನೆಯ ಮುಂದೆ ಮುದ್ದುರಾಜಪ್ಪನ ಸೊಪ್ಪಿನ ಲಾರಿ ಹೋಗುವಾಗ ಅವಳು ತಲೆ ಎತ್ತುವುದಿಲ್ಲ. ಅಂಗೈ ಕಪ್ಪಗೆ, ಗಂಧದ ಪುಡಿಯ ಘಾಟು.

ನನ್ನ ಹೆಸರು ಕೆಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಹುರಿಗೆ ಹೆಸರೆಲ್ಲಿಯದು? ಆದರೆ ಜೀವ ಕಾಯಲು ಹುಟ್ಟಿದವನು ನಾನು. ಕಾಯಬೇಕಾದಾಗ ಕಾಯಲು ಬಿಡಲಿಲ್ಲ, ಬಾಯಿ ಬಿಡಬೇಕಾದಾಗ ಬಾಯಿ ಇರಲಿಲ್ಲ. ಈಗ ಒಬ್ಬನ ಸುಳ್ಳನ್ನು ದಿನಾ ಬೆಳಗ್ಗೆ ಎಬ್ಬಿಸಿ ಕೂರಿಸುವ ಕೆಲಸ.

ಒಂದು ಮಾತ್ರ ಉಳಿದಿದೆ. ಸಂಜೆ ದೀಪ ಹಚ್ಚಿದ ಮೇಲೆ ನೀಲಿ ಕೈ ತೊಳೆದು ಮಂಚದ ಬಳಿ ಬರುತ್ತಾಳೆ. ನನ್ನನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಬೆರಳು ಆಡಿಸಿ ಮುಟ್ಟುತ್ತಾಳೆ. ಗಂಟನ್ನು ಎಳೆಯುತ್ತಾಳೆ. ಕೊನೆಗೆ ಮಂಚದ ಅಂಚಿಗೆ ಕೂತು, ಹಿಂದಕ್ಕೆ ವಾಲಿ, ತನ್ನ ಭಾರವನ್ನೆಲ್ಲ ನನ್ನ ಮೇಲೆ ಬಿಡುತ್ತಾಳೆ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಸಹಿ ಹಾಕಲು ಪುಸ್ತಕ ಇಲ್ಲ, ಅಷ್ಟೇ.

ನೆನ್ನೆ ಮಂಟಯ್ಯ ಅದನ್ನು ನೋಡುತ್ತಿದ್ದವನು ಕೇಳಿದ: "ಯಾಕವ್ವ ದಿನಾ ಅದ್ನ ಪರೀಕ್ಸೆ ಮಾಡ್ತೀಯ? ನಾನೇನ್ ಮರದ್ ಮ್ಯಾಲಿದ್ದನಾ?"

ನೀಲಿ ನನ್ನನ್ನು ಮೆಲ್ಲಗೆ ಅವನ ಕೈಯೊಳಗೆ ಇಟ್ಟಳು.

"ಹುರಿ ಹಳೇದಲ್ವಾಪ್ಪಾ" ಅಂದಳು. ಒಲೆ ನೋಡಲು ಒಳಗೆ ಹೋದಳು.

ಅವನು ನನ್ನನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದ. ಅಂಗೈಯ ಸುಟ್ಟ ಗಾಯದ ಗೆರೆಗಳು ನನ್ನ ಸುಟ್ಟ ಗೆರೆಗಳ ಮೇಲೆ ಸರಿಯಾಗಿ ಕೂತಿದ್ದವು. ಅವಳು ಅನ್ನ ಬಸಿದು, ತಟ್ಟೆಗೆ ಹಾಕಿ ತರುವವರೆಗೂ ಅವನು ಹಾಗೇ ಕೂತಿದ್ದ. ತಟ್ಟೆ ಮುಂದಿಟ್ಟಳು.

ಅವನು ನನ್ನನ್ನು ಬಿಡಲಿಲ್ಲ.